ಗಾಳಿಗುಳ್ಳೆಯ ಸಾಕ್ಷಿ: ಸಂಶೋಧನಾ ಜರ್ನಲ್‌ಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ 22 ವರ್ಷಗಳಿಂದ ಭೂವಿಜ್ಞಾನ ಪಾಠ ಮಾಡುತ್ತಿರುವ ಉಪನ್ಯಾಸಕಿ. ಈ ಪತ್ರವನ್ನು ಒಬ್ಬ ಸಂಪಾದಕರಿಗೆ ಬರೆಯುತ್ತಿಲ್ಲ. ಇಂಗ್ಲಿಷಿನಲ್ಲಿರಲಿ, ಕನ್ನಡದಲ್ಲಿರಲಿ, ಸಂಶೋಧನಾ ಪತ್ರಿಕೆಯ ಮೊದಲ ಪುಟದಲ್ಲಿ ಸಂಪಾದಕರು ಅಂತ ಹೆಸರು ಅಚ್ಚಾಗಿರುವ ಎಲ್ಲರಿಗೂ ಬರೆಯುತ್ತಿದ್ದೇನೆ.

ಒಂದು ಗಾಳಿಗುಳ್ಳೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಹೊಳೆನರಸೀಪುರದ ಕಡೆಯ ಗುಡ್ಡಗಳಲ್ಲಿ ಕಲ್ಲಿನ ಮಾದರಿ ಸಂಗ್ರಹಿಸುತ್ತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದಳು. ಬಿಸಿಲಲ್ಲಿ ಸುತ್ತಿಗೆ ಹಿಡಿದು ಅಲೆದು, ಸಂಜೆ ಕಲ್ಲು ತುಂಬಿದ ಚೀಲ ಹೊತ್ತು ಬರುತ್ತಿದ್ದಳು. ಆ ಕಲ್ಲನ್ನು ಕೊಯ್ದು, ಗಾಜಿನ ಮೇಲೆ ಅಂಟಿಸಿ, ಉಜ್ಜಿ ಉಜ್ಜಿ 0.03 ಮಿಲಿಮೀಟರ್ ದಪ್ಪಕ್ಕೆ ಇಳಿಸಬೇಕು. ಆಗ ಬೆಳಕು ಅದರೊಳಗೆ ಹಾದುಹೋಗುತ್ತದೆ. ಥಿನ್ ಸೆಕ್ಷನ್ ಅನ್ನುತ್ತೇವೆ ಅದನ್ನು. ಒಂದು ಸ್ಲೈಡಿನಲ್ಲಿ ಗಾರ್ನೆಟ್ ಹರಳು ಬಹಳ ಚೆನ್ನಾಗಿ ಬಂದಿತ್ತು. ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುತ್ತದಲ್ಲ, ಹಾಗೆ ಅದರ ಸುತ್ತ ಮೈಕಾ ಪದರಗಳು ಬಾಗಿದ್ದವು. ಆದರೆ ಅಂಟು ಹಾಕುವಾಗ ಒಂದು ಸಣ್ಣ ಗಾಳಿಗುಳ್ಳೆ ಸಿಕ್ಕಿಕೊಂಡುಬಿಟ್ಟಿತ್ತು. ಅವಳಿಗೆ ಬೇಜಾರು. "ಇನ್ನೊಂದು ಮಾಡ್ತೀನಿ ಮೇಡಂ" ಅಂದಳು. "ಇರಲಿ ಬಿಡಮ್ಮಾ, ಹರಳು ಚೆನ್ನಾಗಿ ಕಾಣ್ತಿದೆಯಲ್ಲ" ಅಂದೆ. ಆ ಫೋಟೊ ಅವಳ ಮೊದಲ ಸಂಶೋಧನಾ ಪೇಪರಿನಲ್ಲಿ ಅಚ್ಚಾಯಿತು.

ಮೂರು ವರ್ಷ ಕಳೆದ ಮೇಲೆ ಬೇರೊಂದು ಜರ್ನಲ್ ಓದುತ್ತಿದ್ದೆ. ಪುಟ ತಿರುವಿದರೆ ಅದೇ ಗಾರ್ನೆಟ್! ಎಡ ಬಲ ಅದಲು ಬದಲು ಮಾಡಿದ್ದರು. ಬಣ್ಣ ಸ್ವಲ್ಪ ಗಾಢ ಮಾಡಿದ್ದರು. ಚಿತ್ರದ ಕೆಳಗೆ ಬೇರೆ ರಾಜ್ಯದ ಒಂದು ಊರಿನ ಹೆಸರಿತ್ತು. ಗಾಳಿಗುಳ್ಳೆ ಮಾತ್ರ ಹಾಗೇ ಇತ್ತು. ಹರಳುಗಳು ಒಂದರಂತೆ ಒಂದು ಇರಬಹುದು ಅಂತ ಯಾರಾದರೂ ವಾದಿಸಬಹುದು. ಗಾಳಿಗುಳ್ಳೆ ಎರಡು ಸಲ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಹುಟ್ಟುವುದಿಲ್ಲ ಅಲ್ವಾ?

ಆ ಜರ್ನಲ್‌ನ ಸಂಪಾದಕರಿಗೆ ಎರಡೂ ಫೋಟೊ ಇಟ್ಟು ಮೇಲ್ ಕಳಿಸಿದೆ. ಉತ್ತರವಿಲ್ಲ. ಮತ್ತೆ ಕಳಿಸಿದೆ. ಮತ್ತೆ ಮೌನ. 14 ತಿಂಗಳಾದ ಮೇಲೆ ಒಂದು ಸಾಲು ಬಂತು. ಲೇಖಕರನ್ನು ವಿಚಾರಿಸಿದ್ದೇವೆ, ಅವರ ವಿವರಣೆ ತೃಪ್ತಿಕರವಾಗಿದೆ ಅಂತ. ಆ ವಿವರಣೆ ಏನು? ಹೇಳಲಿಲ್ಲ. ಮೂಲ ಸ್ಲೈಡ್ ತರಿಸಿ ನೋಡಿದಿರಾ ಅಂತ ಕೇಳಿದೆ. ಅದಕ್ಕೆ ಈವರೆಗೆ ಉತ್ತರ ಬಂದಿಲ್ಲ. ಆ ಪೇಪರ್ ಹಾಗೇ ಇದೆ. ಅದನ್ನು ಆಧಾರವಾಗಿ ಬಳಸಿ ಬೇರೆಯವರೂ ಬರೆಯತೊಡಗಿದ್ದಾರೆ. ನನ್ನ ಹುಡುಗಿ ಹತ್ತಿಳಿದ ಗುಡ್ಡ ಈಗ ಕಾಗದದ ಮೇಲೆ ಇನ್ನೊಂದು ರಾಜ್ಯಕ್ಕೆ ಹೋಗಿ ಕೂತಿದೆ.

ಯಾರೋ ಒಂದು ಫೋಟೊ ಕದ್ದರು ಅನ್ನುವುದು ನನ್ನ ದೊಡ್ಡ ದೂರಲ್ಲ. ಕಳ್ಳತನ ಎಲ್ಲ ಕಡೆ ಇದೆ. ದೂರು ಬಂದಾಗ ಸಂಪಾದಕರು ಏನು ಮಾಡಿದರು ಅನ್ನುವುದೇ ನನಗೆ ನೋವು ಕೊಟ್ಟ ವಿಷಯ. ಅದಕ್ಕೇ ಈ ಪತ್ರ.

ನಮ್ಮ ವಿಷಯದಲ್ಲಿ ಕಲ್ಲಿಗೆ ಕಾಲು ಬಂದಿದ್ದು ಇದೇ ಮೊದಲಲ್ಲ. ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತಾ ಅವರ ಪ್ರಕರಣ ನಿಮ್ಮಲ್ಲಿ ಹಿರಿಯರಿಗೆ ಗೊತ್ತೇ ಇರುತ್ತದೆ. ಕಿರಿಯರಿಗಾಗಿ ಹೇಳುತ್ತೇನೆ. ಸುಮಾರು 25 ವರ್ಷ ಅವರು ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ನೂರಾರು ಪೇಪರ್ ಬರೆದರು. ದೇಶ ವಿದೇಶದ ಜರ್ನಲ್‌ಗಳಲ್ಲಿ ಅವು ಬಂದವು. ಜೊತೆಗೆ ಹೆಸರು ಹಾಕಿಸಿಕೊಂಡವರಲ್ಲಿ ದೊಡ್ಡ ದೊಡ್ಡ ತಜ್ಞರಿದ್ದರು. ಪಳೆಯುಳಿಕೆ ಆ ತಜ್ಞರಿಗೆ ಅಂಚೆಯಲ್ಲಿ ಬರುತ್ತಿತ್ತು. ಅವರು ಅದರ ಜಾತಿ ಗುರುತಿಸಿ ಬರೆಯುತ್ತಿದ್ದರು. ಅದು ಸಿಕ್ಕ ಜಾಗವನ್ನು ಅವರು ನೋಡಿರುತ್ತಿರಲಿಲ್ಲ.

ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ ಅವರಿಗೆ ಅನುಮಾನ ಬಂತು. ಹಿಮಾಲಯದ್ದು ಅಂತ ಅಚ್ಚಾಗಿದ್ದ, ಸುರುಳಿ ಚಿಪ್ಪಿನ ಪ್ರಾಚೀನ ಕಡಲಜೀವಿಗಳಾದ ಅಮೋನಾಯ್ಡ್‌ಗಳು ಮೊರಾಕೊದಿಂದ ಬಂದು ಪ್ಯಾರಿಸ್‌ನ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಪಳೆಯುಳಿಕೆಗಳಂತೆಯೇ ಇದ್ದವು. ಇನ್ನು ಹಲ್ಲಿನಾಕಾರದ ಪುಟ್ಟ ಪಳೆಯುಳಿಕೆಗಳಾದ ಕೆಲವು ಕೊನೊಡಾಂಟ್‌ಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳದ ದಂಡೆಯಲ್ಲಿ ಸಿಗುವಂಥವು. ಟ್ಯಾಲೆಂಟ್ ವರ್ಷಗಟ್ಟಲೆ ಒಂದೊಂದೇ ಚಿತ್ರ ಹೋಲಿಸಿದರು. ಅದೇ ಪಳೆಯುಳಿಕೆಯ ಅದೇ ಫೋಟೊ ಬೇರೆ ಬೇರೆ ಊರಿನ ಹೆಸರಲ್ಲಿ ಬಂದಿದ್ದನ್ನೂ ಹಿಡಿದರು. 1989ರ ಏಪ್ರಿಲ್‌ನಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆ ಅವರ ಲೇಖನ ಪ್ರಕಟಿಸಿತು. ಕೆಲವೇ ತಿಂಗಳಲ್ಲಿ ಗುಪ್ತಾ ಅವರ ಉತ್ತರಕ್ಕೂ ಅದೇ ಪತ್ರಿಕೆ ಜಾಗ ಕೊಟ್ಟಿತು. ಆರೋಪವೂ ಉತ್ತರವೂ ಒಂದೇ ಕಡೆ ಸಿಕ್ಕಿದ್ದರಿಂದ ಓದುಗರು ತಾವೇ ತೂಗಿ ನೋಡಬಹುದಿತ್ತು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಇನ್ನು ನಮ್ಮ ಬೆಂಗಳೂರಿನ ಮಾತು. 1958ರಲ್ಲಿ ಶುರುವಾದ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಇರುವುದು ಇಲ್ಲೇ. ಅದರ ಜರ್ನಲನ್ನು ಕಟ್ಟಿ ಬೆಳೆಸಿದವರು ಬಿ.ಪಿ. ರಾಧಾಕೃಷ್ಣ. 1990ರಲ್ಲಿ ಆ ಜರ್ನಲ್ ಟ್ಯಾಲೆಂಟ್ ಮತ್ತು ಅವರ ಸಂಗಡಿಗರ ಒಂದು ದೀರ್ಘ ಪ್ರಬಂಧ ಪ್ರಕಟಿಸಿತು. ಹಿಮಾಲಯದ ಪಳೆಯುಳಿಕೆಗಳ ದಾಖಲೆಯೇ ಕೃತಿಚೌರ್ಯ ಮತ್ತು ಇತರ ಗೊಂದಲಗಳಿಂದ ಕಲುಷಿತವಾಗಿದೆ ಅಂತ ಅದರ ತಲೆಬರಹದಲ್ಲೇ ಇತ್ತು. ಆರೋಪ ಹೊತ್ತವರು ನಮ್ಮ ದೇಶದ ಪ್ರಾಧ್ಯಾಪಕರು. ತಪ್ಪು ತೋರಿಸಿದವರು ಹೊರಗಿನವರು. ದೇಶದ ಮಾನ ಹೋಗುತ್ತದೆ, ನಮಗೇಕೆ ಬೇಕು ಅಂತ ಸುಮ್ನೆ ಇದ್ದುಬಿಡುವುದು ಆಗ ಎಷ್ಟು ಸುಲಭವಿತ್ತು! ಹಾಗೆ ಮಾಡಲಿಲ್ಲ. ಭಾರತದ ಭೂವಿಜ್ಞಾನಿಗಳು ದಿನಾ ಓದುವ ಜರ್ನಲ್‌ನಲ್ಲೇ ಆ ಸಾಕ್ಷ್ಯ ಅಚ್ಚಾಯಿತು. ನಾನು ಎಂ.ಎಸ್ಸಿ. ಓದುವಾಗ ಲೈಬ್ರರಿಯಲ್ಲಿ ಆ ಸಂಚಿಕೆ ಕೈಗೆ ಸಿಕ್ಕಿತ್ತು. ನಿಂತಲ್ಲೇ ಓದಿ ಮುಗಿಸಿದ್ದೆ. ಸಂಪಾದಕ ಅಂದರೆ ಹೀಗಿರಬೇಕು ಅಂತ ಅಂದು ಮನಸ್ಸಿಗೆ ಬಂದಿದ್ದು ಇವತ್ತಿಗೂ ಹೋಗಿಲ್ಲ.

ಗುಪ್ತಾ ಅವರ ಮೇಲಿನ ಆರೋಪ ನಿಜವೆಂದು ನಂತರ ವಿಚಾರಣೆಯಲ್ಲಿ ಕಂಡುಬಂತು. ಆದರೂ ಅವರ ಕೆಲಸ ಹೋಗಲಿಲ್ಲ. ಅದು ವಿಶ್ವವಿದ್ಯಾಲಯದ ಮಾತು, ಬಿಡಿ. ನನ್ನ ಪ್ರಶ್ನೆ ನಿಮಗೆ. 25 ವರ್ಷ ಆ ಪೇಪರ್‌ಗಳನ್ನು ಅಚ್ಚು ಮಾಡಿದ ಅಷ್ಟೊಂದು ಸಂಪಾದಕರಲ್ಲಿ ಒಬ್ಬರಾದರೂ "ಈ ಜಾಗ ನಕ್ಷೆಯಲ್ಲಿ ಎಲ್ಲಿದೆ, ತೋರಿಸಿ" ಅಂತ ಪಟ್ಟು ಹಿಡಿದಿದ್ದರೆ? ಅವರ ಎಷ್ಟೋ ಬರಹಗಳಲ್ಲಿ ಪಳೆಯುಳಿಕೆ ಸಿಕ್ಕ ಜಾಗದ ವಿವರವೇ ಸರಿಯಾಗಿರಲಿಲ್ಲ. ಭೂವಿಜ್ಞಾನದಲ್ಲಿ ಅದಿಲ್ಲದೆ ಪೇಪರ್ ಇಲ್ಲ. ಆ ಹಳೆಯ ಸಂಪುಟಗಳು ಇವತ್ತಿಗೂ ಲೈಬ್ರರಿಗಳ ಕಪಾಟಿನಲ್ಲಿವೆ. ಹೊಸದಾಗಿ ಬಂದ ವಿದ್ಯಾರ್ಥಿ ತೆಗೆದು ಓದಿದರೆ, ಇದನ್ನು ನಂಬಬೇಡ ಅಂತ ಹೇಳುವ ಒಂದು ಚೀಟಿಯೂ ಅದರಲ್ಲಿ ಇರುವುದಿಲ್ಲ.

ಕಲ್ಲಿನ ವಿಷಯದಲ್ಲಿ ತಪ್ಪಾದರೆ ಜನ ಸಾಯುವುದಿಲ್ಲ ಅಂತ ನೀವು ಹೇಳಬಹುದು. ಹಾಗಾದರೆ ಔಷಧದ ಕಡೆ ನೋಡೋಣ.

1998ರ ಫೆಬ್ರವರಿಯಲ್ಲಿ ಲಂಡನ್ನಿನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಒಂದು ಪೇಪರ್ ಪ್ರಕಟಿಸಿತು. ಅದರಲ್ಲಿದ್ದದ್ದು ಬರೀ 12 ಮಕ್ಕಳ ವಿವರ. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಅನ್ನುವ ಭಯ ಅಲ್ಲಿಂದ ಹುಟ್ಟಿತು. ಮುಖ್ಯ ಲೇಖಕ ಆಂಡ್ರ್ಯೂ ವೇಕ್‌ಫೀಲ್ಡ್. ಬ್ರಯನ್ ಡಿಯರ್ ಎಂಬ ಪತ್ರಕರ್ತ 2004ರಲ್ಲೇ ಅದರ ಹಿಂದಿನ ಹಣದ ನಂಟನ್ನು ಬಯಲಿಗೆಳೆದರು. ಅದೇ ವರ್ಷ ಸಹಲೇಖಕರಲ್ಲಿ 10 ಜನ ಆ ತೀರ್ಮಾನದಿಂದ ಹಿಂದೆ ಸರಿದರು. ಆದರೂ ಲ್ಯಾನ್ಸೆಟ್ ಇಡೀ ಪೇಪರನ್ನು ವಾಪಸ್ ಪಡೆದು, ಇದನ್ನು ನಂಬಬೇಡಿ ಅಂತ ಸಾರಿದ್ದು 2010ರ ಫೆಬ್ರವರಿಯಲ್ಲಿ. ಅಂದರೆ 12 ವರ್ಷ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಲಸಿಕೆ ಹಾಕಿಸುವವರ ಪ್ರಮಾಣ ಶೇ 80ರ ಆಸುಪಾಸಿಗೆ ಇಳಿದು, ದಡಾರ ಮತ್ತೆ ಬೇರು ಬಿಟ್ಟಿತ್ತು.

ಅದು ಲಂಡನ್ನಿನ ಕಥೆ ಅಂದುಕೊಂಡು ನಾವು ಸುಮ್ಮನಿರುವಂತಿಲ್ಲ. 2017ರ ಫೆಬ್ರವರಿ 5ರಂದು ದೇಶದ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಗಿದ್ದು ನಮ್ಮ ಬೆಂಗಳೂರಿನಿಂದಲೇ. ಆಗ ವಾಟ್ಸ್‌ಆ್ಯಪ್‌ನಲ್ಲಿ ಲಸಿಕೆ ಹಾಕಿಸಬೇಡಿ ಅನ್ನುವ ಸಂದೇಶಗಳು ಹರಿದಾಡಿದ್ದು ನಿಮಗೆ ನೆನಪಿರಬಹುದು. ನಮ್ಮ ಬೀದಿಯ ಒಬ್ಬ ತಾಯಿ ನನ್ನ ಹತ್ತಿರ ಬಂದು ಕೇಳಿದರು. "ಮೇಡಂ, ಇದರಿಂದ ಮಕ್ಕಳ ಬುದ್ಧಿಗೆ ತೊಂದರೆ ಆಗತ್ತೆ ಅಂತ ಫಾರಿನ್‌ನಲ್ಲಿ ದೊಡ್ಡ ಡಾಕ್ಟರೇ ಬರೆದಿದ್ದಾರಂತಲ್ಲ?" ಆ ಪೇಪರನ್ನು ವಾಪಸ್ ಪಡೆದು ಏಳು ವರ್ಷವಾಗಿದೆಯಮ್ಮಾ ಅಂತ ಕೂತು ಹೇಳಿದೆ. ಕೊನೆಗೆ ಅವರು ಮಗುವಿಗೆ ಲಸಿಕೆ ಹಾಕಿಸಿದರು. ಪೇಪರ್ ಬಂದ ಸುದ್ದಿ ಅವರ ಬೀದಿಯವರೆಗೆ ಬಂದಿತ್ತು. ವಾಪಸ್ ಹೋದ ಸುದ್ದಿ ಬಂದಿರಲಿಲ್ಲ.

ಅದೇ ಲ್ಯಾನ್ಸೆಟ್ ಬೇಗ ಕೆಲಸ ಮಾಡಿದ್ದೂ ಇದೆ. ಕೊರೊನಾ ಸಮಯದಲ್ಲಿ, 2020ರ ಮೇ 22ರಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಟ್ಟ ಕೊರೊನಾ ರೋಗಿಗಳಲ್ಲಿ ಸಾವು ಹೆಚ್ಚು ಅನ್ನುವ ಒಂದು ಪೇಪರ್ ಬಂತು. 671 ಆಸ್ಪತ್ರೆಗಳ 96,032 ರೋಗಿಗಳ ಮಾಹಿತಿ ಅಂತ ಹೇಳಿಕೊಂಡಿತ್ತು. ಮಾಹಿತಿ ಕೊಟ್ಟಿದ್ದು ಸರ್ಜಿಸ್ಪಿಯರ್ ಎಂಬ ಕಂಪನಿ. ಮೂರೇ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯ ಪ್ರಯೋಗ ತಡೆಹಿಡಿಯಿತು. ಆದರೆ ಓದುಗರು ಲೆಕ್ಕ ನೋಡಿದರು. ಪೇಪರಿನಲ್ಲಿ ಆಸ್ಟ್ರೇಲಿಯಾದ ಸಾವು 73 ಅಂತಿತ್ತು. ಆ ದಿನಾಂಕಕ್ಕೆ ಆ ಇಡೀ ದೇಶದಲ್ಲಿ ದಾಖಲಾದ ಸಾವೇ 67! ನೂರಕ್ಕೂ ಜಾಸ್ತಿ ವಿಜ್ಞಾನಿಗಳು ಸೇರಿ ಬಹಿರಂಗ ಪತ್ರ ಬರೆದರು. ಮೂಲ ಮಾಹಿತಿಯನ್ನು ಹೊರಗಿನ ಪರಿಶೀಲಕರಿಗೆ ಕೊಡಲು ಕಂಪನಿ ಒಪ್ಪಲಿಲ್ಲ. ಜೂನ್ 4ರಂದು ಪೇಪರ್ ವಾಪಸ್. 13 ದಿನದಲ್ಲಿ ಮುಗಿಯಿತು.

ಒಂದೇ ಪತ್ರಿಕೆಯಲ್ಲಿ ಒಮ್ಮೆ 12 ವರ್ಷ, ಇನ್ನೊಮ್ಮೆ 13 ದಿನ. ಎರಡು ಸಲವೂ ಪ್ರಕಟಣೆಗೆ ಮೊದಲಿನ ತಜ್ಞರ ವಿಮರ್ಶೆ ಮೋಸವನ್ನು ಹಿಡಿಯಲಿಲ್ಲ. ಅದು ಯಾವಾಗಲೂ ಹಿಡಿಯಲೂ ಆರದು. ಕೊಟ್ಟ ಅಂಕಿ ನಿಜ ಅಂತ ನಂಬಿಯೇ ನಾವು ರಿವ್ಯೂ ಮಾಡುತ್ತೇವೆ. ನಾನೂ ಮಾಡುತ್ತೇನೆ. ಹಾಗಾಗಿ ಎಚ್ಚರಿಕೆ ಹೆಚ್ಚಾಗಿ ಓದುಗರ ಕಡೆಯಿಂದಲೇ ಬರುತ್ತದೆ. ಪ್ರಕಟಣೆಯ ಮಾರನೇ ದಿನ, ಒಂದು ಪತ್ರದ ರೂಪದಲ್ಲಿ. ನಿಮ್ಮ ಮೇಜಿಗೆ ಬರುವ ಕಾಗದಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ದೂರಿನ ಪತ್ರ. ದಯವಿಟ್ಟು ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ.

ಎಲಿಸಬೆತ್ ಬಿಕ್ ಎಂಬ ಸೂಕ್ಷ್ಮಜೀವಿ ತಜ್ಞೆ ಸಂಗಡಿಗರೊಂದಿಗೆ 20,621 ಪೇಪರ್‌ಗಳ ಚಿತ್ರಗಳನ್ನು ಪರೀಕ್ಷಿಸಿದರು. ಬರೀ ಕಣ್ಣಿನಿಂದ ನೋಡಿ ಹುಡುಕಿದ್ದು. 2016ರಲ್ಲಿ ಫಲಿತಾಂಶ ಬಂತು. ಶೇ 3.8ರಷ್ಟು ಪೇಪರ್‌ಗಳಲ್ಲಿ ಒಂದೇ ಚಿತ್ರ ಎರಡು ಕಡೆ ಬಂದ ಸಮಸ್ಯೆ ಇತ್ತು. ಅದರಲ್ಲಿ ಅರ್ಧದಷ್ಟಾದರೂ ಬೇಕಂತಲೇ ಮಾಡಿದಂತೆ ಕಾಣುತ್ತಿದ್ದವು. ಗಾಳಿಗುಳ್ಳೆ ನೋಡಿದ ನನಗೆ ಆ ಲೆಕ್ಕ ಓದಿ ಆಶ್ಚರ್ಯವೇನೂ ಆಗಲಿಲ್ಲ.

ಈಗ ಕಳ್ಳತನ ಒಬ್ಬಿಬ್ಬರ ಕೆಲಸವಾಗಿ ಉಳಿದಿಲ್ಲ. ಪೇಪರ್ ಬರೆದು ಮಾರುವ ಕಾರ್ಖಾನೆಗಳೇ ಇವೆ. ಪೇಪರ್ ಮಿಲ್ ಅನ್ನುತ್ತಾರೆ. ಬೇರೆಯವರ ಬರಹವನ್ನು ಸಾಫ್ಟ್‌ವೇರ್‌ಗೆ ಹಾಕಿ ಪದ ಬದಲಿಸುತ್ತಾರೆ, ಕೃತಿಚೌರ್ಯ ಹಿಡಿಯುವ ಯಂತ್ರಕ್ಕೆ ಗೊತ್ತಾಗದಿರಲಿ ಅಂತ. ಫ್ರಾನ್ಸಿನ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು 2021ರಲ್ಲಿ ಇಂಥ ಪದಗಳನ್ನು ಹೆಕ್ಕಿ ತೋರಿಸಿದರು. ಬ್ರೆಸ್ಟ್ ಕ್ಯಾನ್ಸರ್ ಹೋಗಿ 'ಬೂಸಮ್ ಪೆರಿಲ್' ಆಗಿತ್ತು. ಕನ್ನಡದಲ್ಲಿ ಸ್ತನ ಕ್ಯಾನ್ಸರ್ ಅನ್ನುವ ಬದಲು 'ಎದೆಯ ಗಂಡಾಂತರ' ಅಂತ ಬರೆದಂತೆ. ಇಂಥ ಪದ ಒಬ್ಬ ಸಂಪಾದಕರ ಕಣ್ಣು, ಇಬ್ಬರು ರಿವ್ಯೂವರ್‌ಗಳ ಕಣ್ಣು ದಾಟಿ ಅಚ್ಚಾಗುತ್ತದೆ ಅಂದರೆ, ಆ ಪೇಪರನ್ನು ಯಾರೂ ಓದಿಯೇ ಇಲ್ಲ ಅಂತ ತಾನೇ ಅರ್ಥ? ವೈಲಿ ಸಂಸ್ಥೆ 2021ರಲ್ಲಿ ಕೊಂಡ ಹಿಂದಾವಿ ಪ್ರಕಾಶನದ ಜರ್ನಲ್‌ಗಳಿಂದ 2023ರಲ್ಲಿ 8,000ಕ್ಕೂ ಹೆಚ್ಚು ಪೇಪರ್ ವಾಪಸ್ ಹೋದವು. ಹೆಚ್ಚಿನವು ಬಂದಿದ್ದು ಅತಿಥಿ ಸಂಪಾದಕರಿಗೆ ವಹಿಸಿದ ವಿಶೇಷ ಸಂಚಿಕೆಗಳಲ್ಲಿ. ಕೊನೆಗೆ ವೈಲಿ ಆ ಹೆಸರನ್ನೇ ಕೈಬಿಟ್ಟಿತು.

ನಮ್ಮಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ನನ್ನ ಫೋನಿಗೆ ವಾರಕ್ಕೆ ಎರಡು ಮೂರು ಸಂದೇಶ ಬರುತ್ತವೆ. ಮೂರು ದಿನದಲ್ಲಿ ಪ್ರಕಟಣೆ, ಜೊತೆಗೆ ಸರ್ಟಿಫಿಕೇಟ್, ಸಹಲೇಖಕರಾಗಲು ಇಷ್ಟು, ಮೊದಲ ಲೇಖಕರಾಗಲು ಇಷ್ಟು. ಪ್ರಮೋಷನ್‌ಗೆ ಪೇಪರ್ ಎಣಿಸುವ ಪದ್ಧತಿ ಬಂದ ಮೇಲೆ ಈ ವ್ಯಾಪಾರ ಬೆಳೆಯಿತು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಸುಳ್ಳು ಪೇಪರೊಂದನ್ನು 304 ಜರ್ನಲ್‌ಗಳಿಗೆ ಕಳಿಸಿದ್ದರು. 157 ಒಪ್ಪಿಕೊಂಡವು. ಕಳಿಸಿದ್ದರಲ್ಲಿ ಮೂರನೇ ಒಂದು ಭಾಗ ಜರ್ನಲ್‌ಗಳ ನೆಲೆ ಭಾರತ. ಓದಿ ತಲೆ ತಗ್ಗಿಸುವಂತಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಬಹುದಾದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2018ರ ಕೊನೆಗೆ ಘೋಷಿಸಿ, 2019ರಲ್ಲಿ ಹೊರತಂದಿತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟಿತು. ಯಾವ ಜರ್ನಲ್ ಒಳ್ಳೆಯದು ಅಂತ ಈಗ ಕಾಲೇಜುಗಳೇ ನೋಡಿಕೊಳ್ಳಬೇಕು. ಅಂದರೆ ಭಾರ ಈಗ ನಿಮ್ಮ ಹೆಸರಿನ ಮೇಲೆ ಬಿದ್ದಿದೆ. ಎಷ್ಟೋ ಹಿರಿಯರು ಸಂಪಾದಕ ಮಂಡಳಿಗೆ ಹೆಸರು ಕೊಟ್ಟು ಮರೆತುಬಿಟ್ಟಿದ್ದಾರೆ. ಕೆಲವರ ಹೆಸರನ್ನು ಕೇಳದೇ ಹಾಕಿಕೊಂಡಿರುತ್ತಾರೆ. ಸರ್, ಮೇಡಂ, ಒಂದು ಸಂಜೆ ಕೂತು ನಿಮ್ಮ ಹೆಸರು ಎಲ್ಲೆಲ್ಲಿದೆ ಅಂತ ಹುಡುಕಿ ನೋಡಿ. ಕೆಲಸ ಮಾಡದ ಕಡೆಯಿಂದ ತೆಗೆಸಿ. ನಮ್ಮ ಹುಡುಗರು ನಿಮ್ಮ ಹೆಸರು ನೋಡಿಯೇ ಆ ಜರ್ನಲ್‌ಗೆ ದುಡ್ಡು ಕಟ್ಟುತ್ತಾರೆ.

ಕನ್ನಡದ ಸಂಶೋಧನಾ ಪತ್ರಿಕೆಗಳ ಸಂಪಾದಕರಿಗೂ ಒಂದು ಮಾತು. ಇದು ವಿಜ್ಞಾನದವರ ತಲೆನೋವು ಅಂತ ಬಿಡಬೇಡಿ. ಶಾಸನದ ಪಾಠ ತಿದ್ದಿ ಹೇಳಿದರೆ, ಇಲ್ಲದ ಕಾಲವನ್ನು ಅದಕ್ಕೆ ಅಂಟಿಸಿದರೆ, ಅದೇ ನಾಳೆ ಭಾಷಣವಾಗುತ್ತದೆ, ನಾಡಿದ್ದು ಜಗಳವಾಗುತ್ತದೆ. ಕೂಟಶಾಸನ, ಅಂದರೆ ನಕಲಿ ಶಾಸನ, ಅನ್ನುವ ಪದವೇ ನಮ್ಮಲ್ಲಿದೆಯಲ್ಲ. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಕೂಟ ಅಂತ ಶಾಸನ ತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರು. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಲಿಪಿಯ ಆಕಾರ, ದಿನಾಂಕದ ಲೆಕ್ಕ ಎಲ್ಲ ಹಿಡಿದು ಇಬ್ಬರೂ ವರ್ಷಗಟ್ಟಲೆ ಬರೆದರು, ಎಲ್ಲರಿಗೂ ಕಾಣುವಂತೆ. ಒಂದು ಶತಮಾನ ದಾಟಿದ ಮೇಲೂ ನಾವು ಎರಡೂ ಕಡೆಯ ವಾದ ತೆಗೆದು ಓದಬಹುದು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ನಮ್ಮಲ್ಲಿ ಹೆಚ್ಚಿನ ಸಂಪಾದಕರಿಗೆ ಸಂಬಳವಿಲ್ಲ. ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲ ಮುಗಿಸಿ ರಾತ್ರಿ ಕೂತು ಪೇಪರ್ ನೋಡುತ್ತೀರಿ. ರಿವ್ಯೂವರ್‌ಗಳು ಸಿಗುವುದಿಲ್ಲ. ತಪ್ಪು ಎತ್ತಿ ತೋರಿಸಿದರೆ ವಕೀಲರ ನೋಟಿಸ್ ಬರುವ ಭಯ ಬೇರೆ. ಆದರೂ ಕೇಳಲೇಬೇಕಾದದ್ದನ್ನು ಕೇಳುತ್ತೇನೆ.

ದೂರು ಬಂದ ವಾರದೊಳಗೆ ತಲುಪಿದೆ ಅಂತ ಒಂದು ಉತ್ತರ ಕೊಡಿ. ಲೇಖಕರನ್ನು ಬರೀ ಪ್ರಶ್ನೆ ಕೇಳಿ ಬಿಡಬೇಡಿ, ಮೂಲ ವಸ್ತು ತರಿಸಿ. ಸ್ಲೈಡ್ ಇದ್ದರೆ ಸ್ಲೈಡ್, ಅಂಕಿ ಇದ್ದರೆ ಮೂಲ ಅಂಕಿ, ಶಾಸನವಿದ್ದರೆ ಅದರ ಅಚ್ಚು. ಕೊಡಲಿಲ್ಲ ಅಂದರೆ ಆ ಪೇಪರಿನ ಮೇಲೆ ಅನುಮಾನವಿದೆ ಅಂತ ಸೂಚನೆ ಹಾಕಿ, ವಿಚಾರಣೆ ಮುಗಿಯುವ ತನಕ ಕಾಯಬೇಡಿ. ಯಾವ ಹಂತದಲ್ಲಿ ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ದಾರಿ ಇದೆ. 1997ರಲ್ಲಿ ಬ್ರಿಟನ್ನಿನ ಕೆಲವು ಸಂಪಾದಕರು ಸೇರಿ ಕಟ್ಟಿದ ಕೋಪ್ ಎಂಬ ಪ್ರಕಟಣಾ ನೀತಿ ಸಮಿತಿ ಹಂತ ಹಂತವಾಗಿ ಚಿತ್ರ ಬರೆದಿಟ್ಟಿದೆ, ಯಾರು ಬೇಕಾದರೂ ನೋಡಬಹುದು.

ಇನ್ನೊಂದು ಮುಖ್ಯ ವಿಷಯ. ಪೇಪರ್ ವಾಪಸ್ ಪಡೆಯುವಾಗ ಕಾರಣ ಬರೆಯಿರಿ. 'ಲೇಖಕರ ಕೋರಿಕೆಯ ಮೇರೆಗೆ' ಅನ್ನುವ ಒಂದು ಸಾಲು ಸಾಲದು. ಫ್ರಾನ್ಸಿಸ್ ಅರ್ನಾಲ್ಡ್ 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. 2020ರ ಜನವರಿಯಲ್ಲಿ ತಮ್ಮ ತಂಡದ ಪೇಪರೊಂದನ್ನು ತಾವೇ ವಾಪಸ್ ಪಡೆದರು. ಪ್ರಯೋಗದ ಫಲಿತಾಂಶ ಮತ್ತೆ ಬರಲಿಲ್ಲ, ನಾನು ಸರಿಯಾಗಿ ಗಮನ ಕೊಡಲಿಲ್ಲ ಅಂತ ಎಲ್ಲರೆದುರು ಹೇಳಿದರು. ಅವರ ಮೇಲಿನ ಗೌರವ ನನಗೆ ಜಾಸ್ತಿಯೇ ಆಯಿತು. ಪ್ರಾಮಾಣಿಕ ತಪ್ಪಿಗೂ ಕಳ್ಳತನಕ್ಕೂ ಒಂದೇ ಸಾಲು ಬರೆದರೆ ಏನಾಗುತ್ತದೆ? ಪ್ರಾಮಾಣಿಕರು ತಪ್ಪು ಒಪ್ಪಿಕೊಳ್ಳಲು ಹೆದರುತ್ತಾರೆ, ಕಳ್ಳರು ಆ ಸಾಲಿನ ಹಿಂದೆ ಅಡಗುತ್ತಾರೆ.

ದೂರು ಕೊಟ್ಟವರನ್ನೂ ಸ್ವಲ್ಪ ಕಾಪಾಡಿ. ಹೆಚ್ಚಿನ ಸಲ ಅವರು ಸಂಶೋಧನಾ ವಿದ್ಯಾರ್ಥಿಗಳು. ಗೈಡ್ ಸಹಿ ಹಾಕಬೇಕು, ವೈವಾ ಆಗಬೇಕು, ಕೆಲಸ ಸಿಗಬೇಕು. ನನ್ನ ವಿದ್ಯಾರ್ಥಿನಿ ಅಂದು ಹೇಳಿದ್ದು ಇಷ್ಟೇ. "ನನ್ನ ಹೆಸರು ಹಾಕಬೇಡಿ ಮೇಡಂ, ಮುಂದೆ ಅವರೇ ನನ್ನ ಪೇಪರ್ ರಿವ್ಯೂ ಮಾಡಬಹುದು." ಹಾಗಾಗಿ ಆ ಮೇಲ್ ನನ್ನ ಹೆಸರಲ್ಲೇ ಹೋಯಿತು.

ಅವಳು ಈಗ ಸಂಶೋಧನೆ ಬಿಟ್ಟು ಬ್ಯಾಂಕ್ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದ್ದಾಳೆ. ಆ ಫೋಟೊ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮನೆಯ ಕಷ್ಟವೂ ಇತ್ತು. ಆದರೆ 14 ತಿಂಗಳು ಪ್ರತಿ ವಾರ "ಉತ್ತರ ಬಂತಾ ಮೇಡಂ" ಅಂತ ಕೇಳುತ್ತಿದ್ದವಳು, ಆ ಒಂದು ಸಾಲಿನ ಉತ್ತರ ಬಂದ ಮೇಲೆ ಕೇಳುವುದನ್ನೇ ನಿಲ್ಲಿಸಿದಳು.

ಸ್ಲೈಡ್ ನಮ್ಮ ವಿಭಾಗದ ಮರದ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅವಳ ಕೈಬರಹದ ಚೀಟಿ ಅದರ ಮೇಲಿದೆ. ಮಾದರಿಯ ನಂಬರು, ದಿನಾಂಕ, ಗುಡ್ಡದ ಹೆಸರು ಎಲ್ಲ ಅದರಲ್ಲಿದೆ. ಅದನ್ನು ಕೊಯ್ದ ಕಲ್ಲಿನ ಉಳಿದ ತುಂಡೂ ಪಕ್ಕದಲ್ಲೇ ಇದೆ. ಆ ಜರ್ನಲ್‌ನ ಸಂಪಾದಕರು ಈ ಪತ್ರ ಓದಿದರೆ, ಯಾವ ದಿನ ಕೇಳಿದರೂ ಎರಡನ್ನೂ ನಾನೇ ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಭೂವಿಜ್ಞಾನ ಉಪನ್ಯಾಸಕಿ